ಪಟ್ಟಿಯಿಂದ ಆಚೆ ಹೋಗುವ ಗಿರಾಕಿಗಳು: ಜರ್ಮನಿಯ ರಫ್ತಿನ ಒಂದು ಗೆರೆಯನ್ನು ಓದುವ ಬಗೆ

ಜರ್ಮನಿಯ ಡಾರ್ಟ್‌ಮಂಡ್ ನಗರದ ಹೋರ್ಡೆ ಎಂಬ ಭಾಗದಲ್ಲಿ ಇವತ್ತು ದೊಡ್ಡದೊಂದು ಕೆರೆಯಿದೆ. ದಂಡೆಯ ಸುತ್ತ ಮನೆಗಳು, ಹೋಟೆಲುಗಳು, ಸಂಜೆ ಅಡ್ಡಾಡುವ ಜನ. 2010ರ ಅಕ್ಟೋಬರ್‌ನಲ್ಲಿ ಅಲ್ಲಿ ನೀರು ತುಂಬಿಸಲು ಶುರು ಮಾಡಿದರು. ಅದಕ್ಕೂ ಮೊದಲು ಅದೇ ನೆಲದ ಮೇಲೆ ಫೀನಿಕ್ಸ್ ಎಂಬ ಹೆಸರಿನ ಉಕ್ಕಿನ ಕಾರ್ಖಾನೆಯಿತ್ತು. 2001ರಲ್ಲಿ ಅದು ಬಾಗಿಲು ಹಾಕಿತು. ಚೀನಾದ ಷಾಗಾಂಗ್ ಎಂಬ ಉಕ್ಕಿನ ಕಂಪನಿ ಅದನ್ನು ಇಡಿಯಾಗಿ ಕೊಂಡಿತು. ಸಾವಿರದ ಆಸುಪಾಸು ಚೀನೀ ಕೆಲಸಗಾರರು ಬಂದು, ವಾರದ ರಜೆಯನ್ನೂ ನೋಡದೆ, ಕಾರ್ಖಾನೆಯನ್ನು ತುಂಡು ತುಂಡಾಗಿ ಬಿಚ್ಚಿ ಹಡಗಿಗೆ ಏರಿಸಿದರು. ಒಟ್ಟು ತೂಕ ಸುಮಾರು 2.5 ಲಕ್ಷ ಟನ್. ಮತ್ತೆ ಜೋಡಿಸುವುದಕ್ಕೆ ಬೇಕಾದ ಕಾಗದಪತ್ರಗಳೇ 40 ಟನ್. ಯಾಂಗ್‌ಟ್ಸಿ ನದಿ ಸಮುದ್ರ ಸೇರುವ ಕಡೆ ಅದು ಮತ್ತೆ ಎದ್ದು ನಿಂತಿತು.

ಜರ್ಮನಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಸರಕು ಮಾರುತ್ತದೆ ಎಂದಾಗ ನನಗೆ ಮೊದಲು ನೆನಪಾಗುವುದು ಈ ಕಾರ್ಖಾನೆ. ಕಾರು ಹೋಗುತ್ತದೆ, ಔಷಧ ಹೋಗುತ್ತದೆ, ಬಣ್ಣ ಹೋಗುತ್ತದೆ. ಆದರೆ ಆ ದೇಶದ ರಫ್ತಿನ ತಿರುಳು ಇರುವುದು ಬೇರೆ ವಸ್ತುಗಳನ್ನು ತಯಾರಿಸುವ ವಸ್ತುಗಳಲ್ಲಿ. ಒಂದು ಸಲ ಇದು ಮನಸ್ಸಿಗೆ ಬಂದರೆ, ವಿಶ್ವಬ್ಯಾಂಕಿನ ಅಂಕಿ ಸಂಗ್ರಹದಲ್ಲಿ ಜರ್ಮನಿಯ ಹೆಸರಿನ ಮುಂದೆ ಕಾಣುವ ಒಂದು ಗೆರೆಯ ಏರಿಳಿತಕ್ಕೆ ಅರ್ಥ ಸಿಗತೊಡಗುತ್ತದೆ.

ಆ ಗೆರೆ ಏನನ್ನು ಅಳೆಯುತ್ತದೆ?

ಲೆಕ್ಕ ಸರಳ. ಒಂದು ವರ್ಷದಲ್ಲಿ ಜರ್ಮನಿ ಹೊರದೇಶಗಳಿಗೆ ಮಾರಿದ ಎಲ್ಲ ಸರಕಿನ ಬೆಲೆ ಕೆಳಗೆ. ಅದರಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೋದದ್ದರ ಬೆಲೆ ಮೇಲೆ. ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಶೇಕಡಾವಾರು ಪಾಲೇ ಆ ಸೂಚ್ಯಂಕ. ಯಾವ ದೇಶ ಯಾವ ದೇಶಕ್ಕೆ ಎಷ್ಟು ಮಾರಿತು ಎಂಬ ಮೂಲ ಮಾಹಿತಿಯನ್ನು ಅಂತಾರಾಷ್ಟ್ರೀಯ ಹಣಕಾಸು ನಿಧಿ ಸಂಗ್ರಹಿಸುತ್ತದೆ, ವಿಶ್ವಬ್ಯಾಂಕ್ ಅದನ್ನು ಗುಂಪುಗಳಾಗಿ ಕೂಡಿಸುತ್ತದೆ.

ಇಲ್ಲಿ "ಸರಕು" ಎಂದರೆ ಗಡಿ ದಾಟುವ ವಸ್ತು ಮಾತ್ರ. ಬೆಂಗಳೂರಿನ ಒಂದು ಕಂಪನಿ ಜರ್ಮನಿಯ ಸಾಫ್ಟ್‌ವೇರಿಗೆ ಕಟ್ಟುವ ಪರವಾನಗಿ ಶುಲ್ಕ, ಜರ್ಮನ್ ಎಂಜಿನಿಯರ್ ಬಂದು ಯಂತ್ರ ಸರಿಮಾಡಿಹೋದದ್ದರ ಕೂಲಿ, ವಿಮೆಯ ಕಂತು, ಇವು ಯಾವುವೂ ಈ ಲೆಕ್ಕದಲ್ಲಿಲ್ಲ. ಅವು ಸೇವೆಗಳ ಖಾತೆಗೆ ಹೋಗುತ್ತವೆ. ಬೆಲೆ ಕಟ್ಟುವುದು ಸರಕು ತನ್ನ ದೇಶ ಬಿಡುವ ಹೊತ್ತಿಗೆ. ಹಡಗಿನ ಬಾಡಿಗೆ, ದಾರಿಯ ವಿಮೆ ಆಮದು ಮಾಡುವವರ ಲೆಕ್ಕದಲ್ಲಿ ಸೇರುತ್ತವೆ. ಹಾಗಾಗಿ ಜರ್ಮನಿ "ಭಾರತಕ್ಕೆ ಇಷ್ಟು ಕಳಿಸಿದೆ" ಎನ್ನುವ ಮೊತ್ತವೂ ಭಾರತ "ಜರ್ಮನಿಯಿಂದ ಇಷ್ಟು ಬಂದಿದೆ" ಎನ್ನುವ ಮೊತ್ತವೂ ಒಂದಕ್ಕೊಂದು ತಾಳೆಯಾಗುವುದು ಅಪರೂಪ.

ನೇರವಾಗಿ ಡಾಲರ್ ಮೊತ್ತವನ್ನೇ ನೋಡದೆ ಪಾಲನ್ನು ಏಕೆ ನೋಡಬೇಕು ಎಂದು ಕೇಳಬಹುದು. 2000ದ ಅಕ್ಟೋಬರ್‌ನಲ್ಲಿ ಒಂದು ಯೂರೊಗೆ 85 ಸೆಂಟಿಗಿಂತಲೂ ಕಡಿಮೆ ಬೆಲೆಯಿತ್ತು. 2008ರ ಜುಲೈನಲ್ಲಿ ಅದೇ ಯೂರೊ 1.60 ಡಾಲರ್ ಮುಟ್ಟಿತ್ತು. ಈ ನಡುವೆ ಜರ್ಮನಿ ಒಂದು ಮೊಳೆಯನ್ನೂ ಹೆಚ್ಚಿಗೆ ಮಾರದಿದ್ದರೂ ಡಾಲರಿನಲ್ಲಿ ಬರೆದ ಅದರ ರಫ್ತು ಹೆಚ್ಚುಕಡಿಮೆ ಇಮ್ಮಡಿ ಕಾಣುತ್ತಿತ್ತು. ಪಾಲಿನ ಲೆಕ್ಕದಲ್ಲಿ ಮೇಲಿನ ಸಂಖ್ಯೆಯೂ ಕೆಳಗಿನ ಸಂಖ್ಯೆಯೂ ಒಟ್ಟಿಗೆ ಉಬ್ಬುವುದರಿಂದ ಆ ಉಬ್ಬರ ಅಳಿಸಿಹೋಗುತ್ತದೆ.

ಇಷ್ಟು ಸುಲಭ. ತೊಡಕಿರುವುದು "ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳು" ಎಂಬ ಮಾತಿನಲ್ಲಿ.

ಹಾಜರಿ ಪುಸ್ತಕದ ಸಮಸ್ಯೆ

"ಅಭಿವೃದ್ಧಿಶೀಲ" ಎಂಬ ಹಳೆಯ ಹಣೆಪಟ್ಟಿಯನ್ನು ವಿಶ್ವಬ್ಯಾಂಕ್ 2016ರಲ್ಲಿ ತನ್ನ ಅಂಕಿಅಂಶಗಳಿಂದ ತೆಗೆದುಹಾಕಿತು. ಈಗ ಅದು ಬಳಸುವುದು ತಲಾ ಆದಾಯದ ಮೆಟ್ಟಿಲುಗಳನ್ನು. ಒಂದು ದೇಶದ ಒಟ್ಟು ರಾಷ್ಟ್ರೀಯ ಆದಾಯವನ್ನು ಅಲ್ಲಿನ ಜನಸಂಖ್ಯೆಗೆ ಹಂಚಿದಾಗ ತಲೆಗೆ ಎಷ್ಟು ಡಾಲರ್ ಬರುತ್ತದೆ ಎಂಬುದೇ ಅಳತೆ. 2024ರ ಜುಲೈನಲ್ಲಿ ಬಂದ ಪಟ್ಟಿಯ ಪ್ರಕಾರ 14,005 ಡಾಲರ್ ದಾಟಿದ ದೇಶ "ಹೆಚ್ಚಿನ ಆದಾಯ"ದ ಗುಂಪಿಗೆ ಸೇರುತ್ತದೆ. ಅದಕ್ಕಿಂತ ಕೆಳಗಿರುವವರೆಲ್ಲ ನಮ್ಮ ಲೆಕ್ಕಕ್ಕೆ ಬರುವವರು. ಭಾರತ ಕೆಳ-ಮಧ್ಯಮ ಆದಾಯದ ಗುಂಪಿನಲ್ಲಿದೆ, ಚೀನಾ ಮೇಲ್-ಮಧ್ಯಮ ಆದಾಯದ ಗುಂಪಿನಲ್ಲಿ. ಈ ಗಡಿಗಳು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸರಿಯುತ್ತವೆ, ಪಟ್ಟಿಯೂ ಪ್ರತಿ ಜುಲೈ 1ಕ್ಕೆ ಹೊಸದಾಗುತ್ತದೆ.

ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಅಲ್ಲಿನ ಏಳನೇ ತರಗತಿಯಲ್ಲಿ ಹತ್ತು ವರ್ಷಗಳಿಂದ ಎಷ್ಟು ಮಕ್ಕಳು ಇದ್ದರು ಎಂದು ನೋಡಬೇಕು. ಆದರೆ ಮೇಷ್ಟ್ರು ಒಂದು ವಿಚಿತ್ರ ಪದ್ಧತಿ ಇಟ್ಟುಕೊಂಡಿದ್ದಾರೆ. ಯಾವ ಹುಡುಗ ಪಾಸಾಗಿ ಮುಂದಿನ ತರಗತಿಗೆ ಹೋದನೋ ಅವನ ಹೆಸರನ್ನು ಹಿಂದಿನ ವರ್ಷಗಳ ಹಾಜರಿ ಪುಸ್ತಕದಿಂದಲೂ ಹೊಡೆದುಹಾಕುತ್ತಾರೆ. ಆಗ ಹಳೆಯ ಪುಸ್ತಕ ತೆರೆದರೆ ಕಾಣುವುದು ಇವತ್ತಿಗೂ ಏಳರಲ್ಲೇ ಉಳಿದವರ ಹೆಸರು ಮಾತ್ರ. ವಿಶ್ವಬ್ಯಾಂಕಿನ ಈ ಸೂಚ್ಯಂಕ ನಡೆಯುವುದು ಹೆಚ್ಚುಕಡಿಮೆ ಹಾಗೆಯೇ. ಇವತ್ತಿನ ಪಟ್ಟಿಯನ್ನೇ ಹಿಂದಿನ ಎಲ್ಲ ವರ್ಷಗಳಿಗೂ ಹಾಕಿ ಲೆಕ್ಕ ಕಟ್ಟುತ್ತಾರೆ. ಇದರ ಹಿಂದೆ ಮೋಸವೇನಿಲ್ಲ. ವರ್ಷವರ್ಷವೂ ಬೇರೆ ಬೇರೆ ಗುಂಪನ್ನು ಅಳೆದರೆ ಹೋಲಿಕೆಯೇ ಕಷ್ಟವಾಗುತ್ತದೆ, ಅದಕ್ಕೆ ಒಂದೇ ಗುಂಪನ್ನು ಹಿಡಿದು ನಡೆಯುತ್ತಾರೆ. ಆದರೆ ಓದುವವನಿಗೆ ಇದು ಗೊತ್ತಿರಬೇಕು.

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೋಲೆಂಡ್ ಸಾಕ್ಷಿ. 1990ರ ದಶಕದಲ್ಲಿ ಕಮ್ಯುನಿಸ್ಟ್ ಆಡಳಿತದಿಂದ ಹೊರಬಂದ ಪೋಲೆಂಡಿಗೆ ಜರ್ಮನಿಯ ಯಂತ್ರ, ಲಾರಿ, ರಾಸಾಯನಿಕಗಳು ಹೊಳೆಯಂತೆ ಹರಿದವು. ಆಗ ಅದು ಮಧ್ಯಮ ಆದಾಯದ ದೇಶ. 2004ರ ಮೇ 1ರಂದು ಐರೋಪ್ಯ ಒಕ್ಕೂಟ ಸೇರಿತು, 2009ರ ಆದಾಯದ ಲೆಕ್ಕದಲ್ಲಿ ಹೆಚ್ಚಿನ ಆದಾಯದ ಗುಂಪಿಗೆ ಹತ್ತಿತು. ಜೆಕ್ ಗಣರಾಜ್ಯ ಅದಕ್ಕೂ ಮೊದಲೇ, 2006ರ ಲೆಕ್ಕದಲ್ಲಿ, ಹತ್ತಿತ್ತು. ದಕ್ಷಿಣ ಕೊರಿಯಾ 1995ರಲ್ಲಿ ಒಳಗೆ ಬಂದು, 1997ರ ಏಷ್ಯಾ ಹಣಕಾಸು ಬಿಕ್ಕಟ್ಟಿನ ಹೊಡೆತಕ್ಕೆ ಮರುವರ್ಷ ಕೆಳಗಿಳಿದು, 2001ರಲ್ಲಿ ಮತ್ತೆ ಮೇಲೆ ಬಂತು. ಈ ದೇಶಗಳು ಕಷ್ಟಪಟ್ಟು ಮೇಲೇರುವಾಗ ಕೊಂಡ ಜರ್ಮನ್ ಯಂತ್ರಗಳೆಲ್ಲ ಇವತ್ತಿನ ಗೆರೆಯಲ್ಲಿ "ಶ್ರೀಮಂತ ದೇಶಗಳಿಗೆ ಮಾರಿದ್ದು" ಎಂದು ದಾಖಲಾಗಿವೆ. ಅಂದರೆ ಯಾರು ಯಶಸ್ವಿಯಾದರೋ ಅವರೇ ಕಥೆಯಿಂದ ಮರೆಯಾಗಿದ್ದಾರೆ. 2024ರಲ್ಲಿ ಜರ್ಮನಿ ಚೀನಾಕ್ಕಿಂತ ಪೋಲೆಂಡಿಗೇ ಹೆಚ್ಚು ಸರಕು ಮಾರಿದೆ ಎಂಬುದನ್ನು ಗಮನಿಸಿದರೆ ಮರೆಯಾದದ್ದು ಎಷ್ಟು ದೊಡ್ಡದು ಎಂದು ತಿಳಿಯುತ್ತದೆ.

ಇನ್ನು ಚೀನಾ. ಅದರ ತಲಾ ಆದಾಯ ಈಗಾಗಲೇ 13,000 ಡಾಲರ್ ದಾಟಿ ಗಡಿಯ ಹತ್ತಿರ ನಿಂತಿದೆ. 2024ರಲ್ಲಿ ಜರ್ಮನಿಯ ಒಟ್ಟು ರಫ್ತು ಸುಮಾರು 1.55 ಲಕ್ಷ ಕೋಟಿ ಯೂರೊ, ಅದರಲ್ಲಿ ಚೀನಾಕ್ಕೆ ಹೋದದ್ದು ಸುಮಾರು 9,000 ಕೋಟಿ, ಅಂದರೆ ಶೇ. 6ಕ್ಕೆ ತುಸು ಕಡಿಮೆ. ಒಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಐರೋಪ್ಯ ಒಕ್ಕೂಟದ ಒಳಗೇ ಉಳಿಯುತ್ತದೆ, ಶೇ. 10ಕ್ಕೆ ತುಸು ಮೇಲೆ ಆ ವರ್ಷ ಅಮೆರಿಕಕ್ಕೆ ಹೋಯಿತು, ಬ್ರಿಟನ್, ಸ್ವಿಟ್ಜರ್ಲೆಂಡ್, ಜಪಾನ್, ಕೊರಿಯಾ, ಕೊಲ್ಲಿ ದೇಶಗಳು ಇನ್ನೊಂದಷ್ಟು ತೆಗೆದುಕೊಳ್ಳುತ್ತವೆ. ಕಡಿಮೆ ಮತ್ತು ಮಧ್ಯಮ ಆದಾಯದ ಎಲ್ಲ ದೇಶಗಳನ್ನು ಕೂಡಿಸಿದರೂ ಉಳಿಯುವುದು ಐದನೇ ಒಂದು ಪಾಲಿನ ಒಳಗೇ. ಚೀನಾ ಗಡಿ ದಾಟಿದ ಮರುದಿನ ಅದರಲ್ಲಿ ಮೂರನೇ ಒಂದರಷ್ಟು ಭಾಗ ಗೆರೆಯಿಂದ ಕಳಚಿಬೀಳುತ್ತದೆ, ಅದೂ ಹಿಂದಿನ ಎಲ್ಲ ವರ್ಷಗಳಿಂದ. ಆ ದಿನ ಹ್ಯಾಂಬರ್ಗ್ ಬಂದರಿನಿಂದ ಒಂದು ಕಂಟೇನರ್ ಕೂಡ ಕಡಿಮೆ ಹೋಗಿರುವುದಿಲ್ಲ.

ನೀಲಿ ಬಣ್ಣದಿಂದ ಶುರುವಾದದ್ದು

ವಿಶ್ವಬ್ಯಾಂಕಿನ ಅಂಕಿಗಳು ಹಿಂದೆ ಹೋಗುವುದು 1960ರವರೆಗೆ. ಆದರೆ ಈ ವ್ಯಾಪಾರದ ಸ್ವಭಾವ ತಿಳಿಯಲು ಇನ್ನೂ ಹಿಂದಿನ ಒಂದು ಕಥೆಯನ್ನು ಹೇಳಲೇಬೇಕು. ಅದು ನಮ್ಮ ನೆಲಕ್ಕೂ ತಾಗಿದ ಕಥೆ.

ರಸಾಯನ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ 1880ರ ಸುಮಾರಿಗೆ ನೀಲಿಯನ್ನು ಗಿಡವಿಲ್ಲದೆ ಪ್ರಯೋಗಶಾಲೆಯಲ್ಲೇ ಮಾಡಿ ತೋರಿಸಿದ್ದರು. ಅದನ್ನು ಕಾರ್ಖಾನೆಯಲ್ಲಿ, ಅಗ್ಗದ ಬೆಲೆಗೆ, ಟನ್‌ಗಟ್ಟಲೆ ಮಾಡಲು ಇನ್ನೂ ಹದಿನೇಳು ವರ್ಷ ಬೇಕಾಯಿತು. ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್‌ಎಫ್ ಕಂಪನಿ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಆ ವರ್ಷ ಜಗತ್ತಿನಲ್ಲಿ ಗಿಡದಿಂದ ತೆಗೆದ ನೀಲಿ ಸುಮಾರು 19,000 ಟನ್ ಇತ್ತು, 1914ರ ಹೊತ್ತಿಗೆ ಅದು ಸುಮಾರು 1,000 ಟನ್‌ಗೆ ಕುಸಿಯಿತು. ಜರ್ಮನ್ ನೀಲಿಯ ಅತಿದೊಡ್ಡ ಗಿರಾಕಿ ಚೀನಾ. ಅಲ್ಲಿನ ರೈತರು ತೊಡುತ್ತಿದ್ದ ನೀಲಿ ಬಟ್ಟೆಗೆ ಬಣ್ಣ ಬರುತ್ತಿದ್ದುದು ರೈನ್ ನದಿಯ ದಡದಿಂದ.

ಬಿಹಾರದಲ್ಲಿ ಇದರ ಏಟು ಬಿದ್ದದ್ದು ಒಕ್ಕಲಿನ ಮೇಲೆ. ಚಂಪಾರಣ್‌ನಲ್ಲಿ ಇಪ್ಪತ್ತು ಕಠಾ ಜಮೀನಿಗೆ ಮೂರು ಕಠಾದಲ್ಲಿ ನೀಲಿ ಬೆಳೆಯಲೇಬೇಕು ಎಂಬ ತಿನಕಠಿಯಾ ಕಟ್ಟಳೆಯಿತ್ತು. ಗಿಡದ ನೀಲಿಗೆ ಬೆಲೆ ಇಳಿದಾಗ ಬ್ರಿಟಿಷ್ ತೋಟದ ದೊರೆಗಳಿಗೇ ಆ ಬೆಳೆ ಬೇಡವಾಯಿತು. ಆದರೂ ರೈತನನ್ನು ಸುಮ್ಮನೆ ಬಿಡಲಿಲ್ಲ. ಕಟ್ಟಳೆಯಿಂದ ಬಿಡುಗಡೆ ಬೇಕಿದ್ದರೆ ಗೇಣಿ ಹೆಚ್ಚಿಗೆ ಕೊಡು, ಇಲ್ಲವೇ ಇಡಿಗಂಟು ಕಟ್ಟು ಎಂದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಹಡಗುಗಳು ನಿಂತು ಗಿಡದ ನೀಲಿಗೆ ಮತ್ತೆ ಬೆಲೆ ಬಂದಾಗ ಮತ್ತೆ ಬಿತ್ತು ಎಂದರು. 1917ರ ಏಪ್ರಿಲ್‌ನಲ್ಲಿ ಗಾಂಧೀಜಿ ಅಲ್ಲಿಗೆ ಹೋದಾಗ ಸಾವಿರಾರು ರೈತರು ಬರೆಸಿದ ಹೇಳಿಕೆಗಳಲ್ಲಿ ಈ ಗೋಳು ತುಂಬಿತ್ತು. ದೂರದ ಕಾರ್ಖಾನೆಯೊಂದರ ರಫ್ತು ಹೇಗೆ ಒಂದು ಹಳ್ಳಿಯ ಗೇಣಿಯನ್ನು ಏರಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ. ರಫ್ತಿನ ಅಂಕಣದಲ್ಲಿ ಕಾಣುವುದು ಬಿಎಎಸ್‌ಎಫ್‌ನ ಮಾರಾಟ ಮಾತ್ರ.

ಸಾಲ ಕೊಟ್ಟು ಸರಕು ಮಾರುವುದು

ಎರಡನೇ ಮಹಾಯುದ್ಧದ ನಂತರ ಕಥೆ ಬದಲಾಯಿತು. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ಬಣ್ಣ, ಬಟ್ಟೆಗಿಂತ ಹೆಚ್ಚಾಗಿ ಉಕ್ಕು, ವಿದ್ಯುತ್ತು, ಯಂತ್ರ ಬೇಕಿತ್ತು. ಒಡಿಶಾದ ರೂರ್ಕೆಲಾದಲ್ಲಿ ಕ್ರುಪ್ ಮತ್ತು ಡೆಮಾಗ್ ಕಂಪನಿಗಳ ಸಹಾಯದಿಂದ ಉಕ್ಕಿನ ಸ್ಥಾವರ ಎದ್ದಿತು. 1959ರ ಫೆಬ್ರವರಿ 3ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅದರ ಮೊದಲ ಊದುಕುಲುಮೆಯನ್ನು ಉದ್ಘಾಟಿಸಿದರು. ಆ ಹೊತ್ತಿಗೆ ಭಾರತದ ವಿದೇಶಿ ವಿನಿಮಯದ ಚೀಲ ಬರಿದಾಗಿತ್ತು. ಯಂತ್ರ ಬಂದಾಗಿದೆ, ಬಿಲ್ಲು ಕಟ್ಟಲು ಹಣವಿಲ್ಲ. ಜರ್ಮನ್ ಸರ್ಕಾರದ ಅಭಿವೃದ್ಧಿ ಬ್ಯಾಂಕಾದ ಕೆಎಫ್‌ಡಬ್ಲ್ಯೂ 1958ರಲ್ಲಿ ಭಾರತಕ್ಕೆ ಸಾಲ ಕೊಟ್ಟು ಆ ಬಿಲ್ಲುಗಳನ್ನು ಮುಂದಕ್ಕೆ ತಳ್ಳಿತು. ಅದೇ ವರ್ಷ ವಿಶ್ವಬ್ಯಾಂಕಿನ ಮುಂದಾಳತ್ವದಲ್ಲಿ ಭಾರತಕ್ಕೆ ನೆರವು ಕೊಡುವ ದೇಶಗಳ ಕೂಟವೂ ಹುಟ್ಟಿತು.

ಹೀಗೆ ಸಾಲ ಮತ್ತು ರಫ್ತು ಕೈಕೈ ಹಿಡಿದು ನಡೆಯುವುದಕ್ಕೆ ಇನ್ನೊಂದು ಏರ್ಪಾಡೂ ಇದೆ. ಜರ್ಮನ್ ವ್ಯಾಪಾರಿಗಳು ಅದನ್ನು ಹರ್ಮಿಸ್ ಗ್ಯಾರಂಟಿ ಎನ್ನುತ್ತಾರೆ. ನಮ್ಮೂರಿನ ಅಂಗಡಿಯವನು ಗೊತ್ತಿಲ್ಲದ ಗಿರಾಕಿಗೆ ಉದ್ದರಿ ಕೊಡುವುದಿಲ್ಲ, ಆದರೆ ಊರಿನ ಗೌಡರು "ಅವನು ಕೊಡದಿದ್ದರೆ ನಾನು ಕೊಡುತ್ತೇನೆ" ಎಂದರೆ ಕೊಡುತ್ತಾನೆ. ಆ ಗೌಡರ ಜಾಗದಲ್ಲಿ ಜರ್ಮನ್ ಸರ್ಕಾರ ನಿಂತಿದೆ. ಹತ್ತು ವರ್ಷದ ಕಂತಿನಲ್ಲಿ ಟರ್ಬೈನ್ ಕೊಂಡ ದೇಶ ಮಧ್ಯದಲ್ಲಿ ಕೈಯೆತ್ತಿದರೆ, ಶುಲ್ಕ ಕಟ್ಟಿ ಗ್ಯಾರಂಟಿ ಪಡೆದ ಕಂಪನಿಗೆ ಸರ್ಕಾರ ನಷ್ಟದ ಬಹುಪಾಲು ತುಂಬಿಕೊಡುತ್ತದೆ. ಇದರಿಂದ ಬಡ ದೇಶಗಳಿಗೆ ದೊಡ್ಡ ಯಂತ್ರ ಸಿಕ್ಕಿತು. ಅಪಾಯವೂ ಇದರಲ್ಲೇ ಇತ್ತು. 1970ರ ದಶಕದಲ್ಲಿ ತೈಲದ ಹಣ ಜಗತ್ತಿನ ಬ್ಯಾಂಕುಗಳಲ್ಲಿ ತುಂಬಿ ತುಳುಕುತ್ತಿದ್ದಾಗ ಸಾಲ ಸುಲಭವಾಯಿತು, ದೊಡ್ಡ ದೊಡ್ಡ ಒಪ್ಪಂದಗಳಾದವು. 1975ರ ಜೂನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಬ್ರೆಜಿಲ್ ಎಂಟು ಅಣುವಿದ್ಯುತ್ ರಿಯಾಕ್ಟರುಗಳಿಗೆ ಸಹಿ ಹಾಕಿದವು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ತನ್ನ ಸಾಲ ತೀರಿಸಲಾರೆ ಎಂದಿತು, ಲ್ಯಾಟಿನ್ ಅಮೆರಿಕಕ್ಕೆಲ್ಲ ಬೆಂಕಿ ಹತ್ತಿತು, ದೇಶಗಳು ಆಮದನ್ನು ಕತ್ತರಿಸಿದವು. ಆ ಎಂಟರಲ್ಲಿ ಆಂಗ್ರಾ-2 ಎಂಬ ಒಂದೇ ರಿಯಾಕ್ಟರು ವಿದ್ಯುತ್ ಕೊಟ್ಟಿದ್ದು, ಅದೂ 2000ದಲ್ಲಿ.

ಆದ್ದರಿಂದ 1970ರ ದಶಕದ ಏರು, 1980ರ ದಶಕದ ಇಳಿತ ನೋಡಿ ಜರ್ಮನ್ ಯಂತ್ರ ಚೆನ್ನಾಯಿತು, ಕೆಟ್ಟಿತು ಎಂದು ಯಾರೂ ತೀರ್ಮಾನಿಸಬಾರದು. ಯಂತ್ರ ಅದೇ. ಬದಲಾದದ್ದು ಕೊಳ್ಳುವವರ ಕೈಗೆ ಸಾಲ ಸಿಗುವ ಬಗೆ.

ಚೀನಾ ಎಂಬ ದೊಡ್ಡ ಉಬ್ಬು

ಫೋಕ್ಸ್‌ವ್ಯಾಗನ್ ಕಂಪನಿ 1984ರ ಅಕ್ಟೋಬರ್‌ನಲ್ಲಿ ಶಾಂಘೈಯಲ್ಲಿ ಜಂಟಿ ಕಾರ್ಖಾನೆಗೆ ಸಹಿ ಹಾಕಿತು. ಅಲ್ಲಿ ಸಂತಾನಾ ಕಾರು ತಯಾರಾಗತೊಡಗಿತು ಎನ್ನುತ್ತೇವೆ. ನಿಜವಾಗಿ ಮೊದಲಿಗೆ ನಡೆದದ್ದು ಜೋಡಣೆ. ಟೈರು, ರೇಡಿಯೊ, ಆಂಟೆನಾದಂಥ ನಾಲ್ಕಾರು ಸಾಮಾನು ಬಿಟ್ಟರೆ ಉಳಿದದ್ದೆಲ್ಲ ಜರ್ಮನಿಯಿಂದ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಆಗ ರಫ್ತಿನ ಪುಸ್ತಕದಲ್ಲಿ "ಬಿಡಿಭಾಗ" ಎಂಬ ಸಾಲು ಉಬ್ಬುತ್ತದೆ. ಚೀನಾ ಸರ್ಕಾರ ಬಿಡಿಭಾಗಗಳನ್ನೂ ಇಲ್ಲೇ ಮಾಡಿ ಎಂದು ಪಟ್ಟು ಹಿಡಿಯಿತು. ಗೇರ್‌ಬಾಕ್ಸ್, ಎಂಜಿನ್, ಬಾಗಿಲು, ದೀಪ ಒಂದೊಂದಾಗಿ ಚೀನಾದಲ್ಲೇ ಆಗತೊಡಗಿದಾಗ ಬಿಡಿಭಾಗದ ಸಾಲು ಸೊರಗಬೇಕು. ಆದರೆ ಗೇರ್ ಕಡಿಯಲು ಯಂತ್ರ ಬೇಕು, ತಗಡು ಒತ್ತಲು ಪ್ರೆಸ್ ಬೇಕು, ಬಣ್ಣ ಬಳಿಯಲು ಪೇಂಟ್‌ಶಾಪ್ ಬೇಕು. ಅವೆಲ್ಲ ಮತ್ತೆ ಜರ್ಮನಿಯಿಂದಲೇ ಬಂದವು. ಒಂದು ಸಾಲು ಇಳಿಯುವ ಹೊತ್ತಿಗೆ ಇನ್ನೊಂದು ಏರಿತು.

2001ರ ಡಿಸೆಂಬರ್ 11ರಂದು ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೆ ಇದು ಒಂದು ಕಾರಿನ ಕಥೆಯಾಗಿ ಉಳಿಯಲಿಲ್ಲ. ಜಗತ್ತಿನ ಅರ್ಧ ಸಾಮಾನು ತಯಾರಿಸಲು ಹೊರಟ ದೇಶಕ್ಕೆ ತಯಾರಿಸುವ ಯಂತ್ರ ಬೇಕೇ ಬೇಕು, ಅದನ್ನು ಮಾರುವುದರಲ್ಲಿ ಜರ್ಮನಿಯನ್ನು ಮೀರಿಸುವವರು ಕಡಿಮೆ. ಬಾಡೆನ್-ವ್ಯೂರ್ಟೆಂಬರ್ಗ್, ಬವೇರಿಯಾದ ಸಣ್ಣ ಸಣ್ಣ ಊರುಗಳಲ್ಲಿ ಮೂರು ತಲೆಮಾರಿನಿಂದ ಒಂದೇ ಬಗೆಯ ಯಂತ್ರ ಮಾಡಿಕೊಂಡು ಬಂದ ಕುಟುಂಬದ ಕಂಪನಿಗಳು ಚೀನಾಕ್ಕೆ ಮಾರಿದವು. 2000ದಲ್ಲಿ ಚೀನಾಕ್ಕೆ ಜರ್ಮನಿಯ ರಫ್ತು ಸುಮಾರು 950 ಕೋಟಿ ಯೂರೊ. 2010ರಲ್ಲಿ ಸುಮಾರು 5,400 ಕೋಟಿ. 2019ರಲ್ಲಿ ಸುಮಾರು 9,600 ಕೋಟಿ. 2022ರಲ್ಲಿ 10,700 ಕೋಟಿಯ ಹತ್ತಿರ. ಪಾಲಿನಲ್ಲಿ ಹೇಳುವುದಾದರೆ 2000ದಲ್ಲಿ ಶೇ. 1.6 ಇದ್ದದ್ದು 2020ರಲ್ಲಿ ಶೇ. 8ರ ಹತ್ತಿರ ಬಂತು. ಇಂದಿನ ಪಟ್ಟಿಯಿಂದ ಎಳೆದ ಗೆರೆಯಲ್ಲಿ ಈ ಇಪ್ಪತ್ತು ವರ್ಷಗಳ ಏರಿಕೆಯ ದೊಡ್ಡ ಭಾಗ ಚೀನಾ ಒಂದೇ. "ಅಭಿವೃದ್ಧಿಶೀಲ ದೇಶಗಳತ್ತ ಜರ್ಮನಿಯ ಚಿತ್ತ" ಎಂದೆಲ್ಲ ತಲೆಬರಹ ಕಂಡರೆ ಚೀನಾ ತೆಗೆದು ಎಷ್ಟು ಉಳಿಯುತ್ತದೆ ಎಂದು ಮೊದಲು ಕೇಳಿ.

ಆಮೇಲೆ ಆದದ್ದನ್ನು ಡಾರ್ಟ್‌ಮಂಡಿನ ಜನ ಮೊದಲೇ ಊಹಿಸಿರಬಹುದು. ಯಂತ್ರ ಕೊಂಡವರು ಯಂತ್ರ ಮಾಡುವುದನ್ನು ಕಲಿತರು. 2016ರಲ್ಲಿ ಆಗ್ಸ್‌ಬರ್ಗಿನ ರೋಬೋ ತಯಾರಕ ಕೂಕಾ ಕಂಪನಿಯನ್ನು ಚೀನಾದ ಮೈಡಿಯಾ ಕೊಂಡಿತು. 2020ರಲ್ಲಿ ಯಂತ್ರಗಳ ರಫ್ತಿನಲ್ಲಿ ಚೀನಾ ಜರ್ಮನಿಯನ್ನೇ ಹಿಂದಿಕ್ಕಿತು ಎಂದು ಜರ್ಮನಿಯ ಯಂತ್ರ ತಯಾರಕರ ಸಂಘವೇ ಹೇಳಿತು. 2023ರಲ್ಲಿ ಚೀನಾದ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಾರಿನ ಬ್ರಾಂಡ್ ಎಂಬ ಸ್ಥಾನ ಫೋಕ್ಸ್‌ವ್ಯಾಗನ್‌ನಿಂದ ಬಿವೈಡಿಗೆ ಹೋಯಿತು. 2022ರಲ್ಲಿ ತುದಿ ಮುಟ್ಟಿದ ರಫ್ತು ಎರಡೇ ವರ್ಷಗಳಲ್ಲಿ ಸುಮಾರು 1,700 ಕೋಟಿ ಯೂರೊ ಕುಸಿಯಿತು.

ಕಾರ್ಖಾನೆಯೇ ಹೋದರೆ ಸರಕು ಎಲ್ಲಿಯದು?

ಬೆಂಗಳೂರಿನವರಿಗೆ ಮೈಕೋ ಲೇಔಟ್ ಗೊತ್ತು. ಆ ಮೈಕೋ ಎಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, 1951ರಲ್ಲಿ ಹುಟ್ಟಿ ಆಮೇಲೆ ಆಡುಗೋಡಿಯಲ್ಲಿ ನೆಲೆಗೊಂಡ, ಜರ್ಮನಿಯ ಬಾಷ್ ಕಂಪನಿಯ ನಂಟಿನ ಸಂಸ್ಥೆ. 2008ರಿಂದ ಅದರ ಹೆಸರೂ ಬಾಷ್ ಲಿಮಿಟೆಡ್. ಅದಕ್ಕೂ ಮುಂಚೆ, 1922ರಿಂದಲೇ, ಕಲ್ಕತ್ತೆಯ ಏಜೆಂಟರ ಮೂಲಕ ಬಾಷ್ ಸಾಮಾನು ಭಾರತಕ್ಕೆ ಬರುತ್ತಿತ್ತು. ಆಗ ಬಂದ ಪ್ರತಿ ಸ್ಪಾರ್ಕ್ ಪ್ಲಗ್ಗೂ ಜರ್ಮನಿಯ ರಫ್ತು. ಆಡುಗೋಡಿಯಲ್ಲಿ ಪ್ಲಗ್ಗೂ ಡೀಸೆಲ್ ಪಂಪೂ ತಯಾರಾಗತೊಡಗಿದ ಮೇಲೆ ಅದೇ ಹೆಸರಿನ ಸಾಮಾನು ಭಾರತದ ಉತ್ಪನ್ನ. ಜರ್ಮನಿಗೆ ಹೋಗುವುದು ಲಾಭಾಂಶ, ತಂತ್ರಜ್ಞಾನದ ಶುಲ್ಕ. ಇವೆರಡೂ ಸರಕಿನ ಗೆರೆಯಲ್ಲಿ ಕಾಣವು. ಜರ್ಮನ್ ಕಂಪನಿ ಒಂದು ದೇಶದಲ್ಲಿ ಆಳವಾಗಿ ಬೇರೂರಿದಷ್ಟೂ ರಫ್ತಿನ ಲೆಕ್ಕದಲ್ಲಿ ಆ ನಂಟು ತೆಳುವಾಗಿ ಕಾಣಬಹುದು.

ಇದು ಬರೀ ಪುಸ್ತಕದ ಮಾತಲ್ಲ ಎಂಬುದು 2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಗೊತ್ತಾಯಿತು. ಭಾರತಕ್ಕೆ ಸುರಂಗ ಕೊರೆಯುವ ಯಂತ್ರಗಳು ಬೇಕಿದ್ದವು. ಕಂಪನಿ ಜರ್ಮನಿಯದು, ಆದರೆ ಯಂತ್ರ ತಯಾರಾಗುವುದು ಅದರ ಚೀನಾ ಕಾರ್ಖಾನೆಯಲ್ಲಿ, ಚೀನಾ ಆಗ ಅವನ್ನು ಬಿಡುತ್ತಿರಲಿಲ್ಲ. ಭೇಟಿಗೆ ಬಂದಿದ್ದ ಆಗಿನ ಜರ್ಮನ್ ಆರ್ಥಿಕ ಸಚಿವ ರಾಬರ್ಟ್ ಹಾಬೆಕ್ ಅವರ ಮುಂದೆ ನಮ್ಮ ವಾಣಿಜ್ಯ ಸಚಿವ ಪೀಯೂಷ್ ಗೋಯಲ್ ಈ ದೂರು ಇಟ್ಟರು. ಆ ಯಂತ್ರ ಬಂದಿದ್ದರೂ ಕಸ್ಟಮ್ಸ್ ಕಾಗದದಲ್ಲಿ ಅದು ಚೀನಾದ ರಫ್ತು.

ಇದರ ಉಲ್ಟಾ ಕೂಡ ನಡೆಯುತ್ತದೆ. ಔಡಿ ಕಂಪನಿ 1990ರ ದಶಕದಲ್ಲಿ ಹಂಗೆರಿಯ ಗ್ಯೋರ್ ಊರಿನಲ್ಲಿ ಎಂಜಿನ್ ಕಾರ್ಖಾನೆ ತೆರೆಯಿತು. ಬಿಡಿಭಾಗ ಜರ್ಮನಿಯಿಂದ ಹಂಗೆರಿಗೆ ಹೋಗಿ, ಎಂಜಿನ್ ಆಗಿ ಜರ್ಮನಿಗೆ ವಾಪಸು ಬಂದು, ಕಾರಿನೊಳಗೆ ಕೂತು ಮತ್ತೆ ಹೊರದೇಶಕ್ಕೆ ಹೊರಡುತ್ತದೆ. ಒಂದೇ ಉಕ್ಕು ಜರ್ಮನಿಯ ರಫ್ತಿನಲ್ಲಿ ಎರಡು ಸಲ ಎಣಿಕೆಯಾಗುತ್ತದೆ. ಗಡಿ ದಾಟಿದಾಗಲೆಲ್ಲ ಪೂರ್ತಿ ಬೆಲೆ ಬರೆದುಕೊಳ್ಳುವುದು ಈ ಲೆಕ್ಕದ ಪದ್ಧತಿ. ಆ ವಸ್ತುವಿಗೆ ಯಾವ ದೇಶ ಎಷ್ಟು ಮೌಲ್ಯ ಸೇರಿಸಿತು ಎಂಬುದನ್ನು ಅದು ಕೇಳುವುದಿಲ್ಲ.

ರಫ್ತಿನ ಲೆಕ್ಕದ ಮೇಲೆ ಯುದ್ಧವೂ ಗೀರು ಹಾಕುತ್ತದೆ. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಜರ್ಮನಿಯಿಂದ ರಷ್ಯಾಕ್ಕೆ ಹೋಗುವ ಸರಕು 2021ರ ಸುಮಾರು 2,660 ಕೋಟಿ ಯೂರೊದಿಂದ 2023ರಲ್ಲಿ 900 ಕೋಟಿಯ ಆಸುಪಾಸಿಗೆ ಇಳಿಯಿತು. ಅದೇ ಹೊತ್ತಿಗೆ ಕಿರ್ಗಿಸ್ತಾನವೆಂಬ ಪುಟ್ಟ ದೇಶಕ್ಕೆ ಜರ್ಮನಿಯ ಕಾರು, ಬಿಡಿಭಾಗಗಳ ರಫ್ತು ಹಲವು ಪಟ್ಟು ಏರಿತು. ಆ ಸರಕು ಅಲ್ಲಿಂದ ರಷ್ಯಾಕ್ಕೆ ಸಾಗುತ್ತಿದೆ ಎಂಬ ಅನುಮಾನ ಐರೋಪ್ಯ ಒಕ್ಕೂಟವನ್ನು ಕಾಡಿತು. ಗೆರೆಯಲ್ಲಿ ಮಾತ್ರ ಅದು ಕೆಳ-ಮಧ್ಯಮ ಆದಾಯದ ದೇಶವೊಂದಕ್ಕೆ ಹೆಚ್ಚಿದ ರಫ್ತು.

ದೂರ ಮತ್ತು ಗಾತ್ರ

1962ರಲ್ಲಿ ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗೆನ್ ವ್ಯಾಪಾರಕ್ಕೂ ನ್ಯೂಟನ್ನನ ಗುರುತ್ವಾಕರ್ಷಣೆಗೂ ಹೋಲಿಕೆ ತೋರಿಸಿದರು. ಎರಡು ದೇಶಗಳ ಆರ್ಥಿಕತೆ ದೊಡ್ಡದಾದಷ್ಟೂ ವ್ಯಾಪಾರ ಹೆಚ್ಚು, ನಡುವಿನ ದೂರ ಹೆಚ್ಚಿದಷ್ಟೂ ಕಡಿಮೆ. ಇಷ್ಟು ಸರಳವಾದ ಸೂತ್ರ ಅರವತ್ತು ವರ್ಷಗಳ ನಂತರವೂ ಅಂಕಿಗಳಿಗೆ ಹೊಂದುತ್ತಿದೆ. ಸುಮಾರು 90 ಲಕ್ಷ ಜನರ ಸ್ವಿಟ್ಜರ್ಲೆಂಡ್ ಜರ್ಮನಿಯ ರಫ್ತಿನಲ್ಲಿ ಶೇ. 4ಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ನೂರು ಕೋಟಿಗೂ ಮೀರಿ ಜನರಿರುವ ಇಡೀ ಆಫ್ರಿಕಾ ಖಂಡ ತೆಗೆದುಕೊಳ್ಳುವುದು ಸುಮಾರು ಶೇ. 2. ಅದರಲ್ಲೂ ದೊಡ್ಡ ಭಾಗ ದಕ್ಷಿಣ ಆಫ್ರಿಕಾ ಒಂದರದ್ದೇ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಆಫ್ರಿಕಾದ ದೇಶಗಳು ಕಾರ್ಖಾನೆ ಕಟ್ಟುತ್ತಿದ್ದರೆ ಯಂತ್ರದ ಪೆಟ್ಟಿಗೆಗಳು ಡರ್ಬನ್, ಮೊಂಬಾಸಾ, ಲಾಗೋಸ್ ಬಂದರುಗಳಲ್ಲಿ ಇಳಿಯುತ್ತಿದ್ದವು. ಅವು ಇಳಿಯುತ್ತಿಲ್ಲ ಎಂದರೆ ಅಷ್ಟು ಕಾರ್ಖಾನೆ ಏಳುತ್ತಿಲ್ಲ, ಅಷ್ಟು ಜನಕ್ಕೆ ಕೆಲಸ ಹುಟ್ಟುತ್ತಿಲ್ಲ, ಅಥವಾ ಯಂತ್ರ ಬೇರೆ ಕಡೆಯಿಂದ ಬರುತ್ತಿದೆ.

ಭಾರತಕ್ಕೂ ಇದೇ ಅಳತೆ ಹಿಡಿಯಬೇಕು. 2024ರಲ್ಲಿ ಜರ್ಮನಿ ನಮಗೆ ಮಾರಿದ್ದು ಸುಮಾರು 1,700 ಕೋಟಿ ಯೂರೊದ ಸರಕು, ಅದರ ಒಟ್ಟು ರಫ್ತಿನಲ್ಲಿ ಶೇ. 1ಕ್ಕೆ ತುಸು ಮೇಲೆ. 2000ದಲ್ಲಿ ಚೀನಾ ಇದ್ದ ಶೇ. 1.6ರ ಮೆಟ್ಟಿಲನ್ನು ನಾವು ಇನ್ನೂ ಮುಟ್ಟಿಲ್ಲ. ಬರುವ ಸರಕಿನಲ್ಲಿ ಮೊದಲ ಸ್ಥಾನ ಯಂತ್ರಗಳದ್ದು, ವಿದೇಶಿ ಕಾರಿಗೆ ನಮ್ಮಲ್ಲಿ ಭಾರಿ ಸುಂಕ ಇದ್ದದ್ದೂ ಇದಕ್ಕೊಂದು ಕಾರಣ. ಐರೋಪ್ಯ ಒಕ್ಕೂಟದೊಂದಿಗಿನ ಮುಕ್ತ ವ್ಯಾಪಾರದ ಮಾತುಕತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಆರಂಭವಾದಾಗಲೂ ಕಾರಿನ ಸುಂಕ ದೊಡ್ಡ ಗಂಟಾಗಿತ್ತು.

ಪೀಣ್ಯದ ಯಾವುದಾದರೂ ಮಧ್ಯಮ ಗಾತ್ರದ ವರ್ಕ್‌ಶಾಪ್ ಮಾಲೀಕರು ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡೆಯುವ ಹೊಸ ಸಿಎನ್‌ಸಿ ಮೆಷಿನ್ ಕೊಳ್ಳಲು ಹೊರಟರೆ ಅವರ ಮುಂದೆ ಇಂದು ಜರ್ಮನಿ, ಜಪಾನ್, ತೈವಾನ್, ಚೀನಾ, ನಮ್ಮದೇ ದೇಶ, ಹೀಗೆ ಹಲವು ಕೊಟೇಶನ್‌ಗಳು ಇರುತ್ತವೆ. 2000ದಲ್ಲಿ ಚೀನಾದ ಮಾಲೀಕನ ಮುಂದೆ ಚೀನಾದ ಒಳ್ಳೆಯ ಯಂತ್ರದ ಕೊಟೇಶನ್ ಇರಲಿಲ್ಲ. ಅವನು ಜರ್ಮನಿಗೋ ಜಪಾನಿಗೋ ಹೋಗಲೇಬೇಕಿತ್ತು. ನಾವು ಯಂತ್ರ ಕೊಳ್ಳುವ ವಯಸ್ಸಿಗೆ ಬರುವ ಹೊತ್ತಿಗೆ ಮಾರುವವರ ಸಾಲಿನಲ್ಲಿ ಹಳೆಯ ಗಿರಾಕಿಯೂ ಬಂದು ನಿಂತಿದ್ದಾನೆ. ನಾಳೆ ಭಾರತದಲ್ಲಿ ಎಷ್ಟೇ ಕಾರ್ಖಾನೆ ಎದ್ದರೂ ಜರ್ಮನಿಯ ಗೆರೆ ಚೀನಾದ ಕಾಲದಷ್ಟು ಏರದೆ ಹೋಗಬಹುದು. ಆ ಯಂತ್ರಗಳಲ್ಲಿ ಒಂದಷ್ಟನ್ನು ಕಡೆದಿರುವ ಉಕ್ಕು, ಯಾಂಗ್‌ಟ್ಸಿ ದಡಕ್ಕೆ ಹೋದ ಆ ಫೀನಿಕ್ಸ್ ಕಾರ್ಖಾನೆಯ ರೋಲರುಗಳಿಂದಲೇ ಹೊರಬಂದದ್ದಿರಬಹುದು.